ಧಾರವಾಡದಲ್ಲಿ ಸೀಟು ಸಿಕ್ಕಿತು, ರೂಮು ಎಲ್ಲಿ?

ಎಂಎ, ಎಂಎಸ್ಸಿ ಪ್ರವೇಶದ ದಿನಗಳು ಬಂದರೆ ನನ್ನ ಫೋನಿಗೆ ಒಂದೇ ತರದ ಕರೆಗಳು. ರೋಣದಿಂದ ಒಬ್ಬರು, ಶಿಗ್ಗಾವಿಯಿಂದ ಒಬ್ಬರು, ಮುಂಡರಗಿಯಿಂದ ದೂರದ ಸಂಬಂಧಿ ಒಬ್ಬರು. "ಹುಡುಗಿಗೆ ಯೂನಿವರ್ಸಿಟಿಯಾಗ ಸೀಟು ಸಿಕ್ಕೈತ್ರಿ. ಒಂದು ಚಲೋ ರೂಮು ನೋಡಿ ಹೇಳ್ರಿ." ಸೀಟಿನ ಖುಷಿ ಎರಡು ಮಾತಿನಲ್ಲಿ ಮುಗಿಯುತ್ತದೆ. ಆಮೇಲೆ ಬರೀ ರೂಮು, ಡಿಪಾಸಿಟ್, ಊಟ, ಬಸ್ಸು.

ನಾನು ಇಲ್ಲೇ ಓದಿ ಇಲ್ಲೇ ಉಳಿದವನು. ಈ ಊರಿನ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಆದರೆ ಒಂದು ವಿಷಯ ಹೇಳಲೇಬೇಕು. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಲ್ಲಿ ಅರ್ಧಕ್ಕೆ ಬಿಟ್ಟು ಹೋದವರನ್ನು ಕೇಳಿ ನೋಡಿ. ಪಾಠ ಕಷ್ಟ ಆಯ್ತು ಅನ್ನುವವರು ಕಡಿಮೆ. ರೂಮು ಸರಿಹೋಗಲಿಲ್ಲ, ದಿನಾ ಓಡಾಡೋಕೆ ಆಗಲಿಲ್ಲ, ಮನೆಯವರು ಬೇಡ ಅಂದರು ಅನ್ನುವವರೇ ಜಾಸ್ತಿ. ಮಕ್ಕಳಿಗೆ ಇರೋಕೆ ಜಾಗ ಸಿಗುವುದು ಅವರವರ ಹಣೆಬರಹ ಅಂತ ಧಾರವಾಡ ಸುಮ್ಮನೆ ಕೂರಬಾರದು. ಇದು ಊರಿನ ಕೆಲಸ.

ಇದು ಹೊಸ ಮಾತೇನೂ ಅಲ್ಲ. ಒಂದು ಕಾಲಕ್ಕೆ ಈ ಭಾಗದ ಹುಡುಗರು ಡಿಗ್ರಿ ಓದಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಅಷ್ಟು ದೂರ ಹೋಗಿ, ಗುರುತಿಲ್ಲದ ಊರಿನಲ್ಲಿ ಇದ್ದು, ಉಂಡು, ಓದೋದು ಎಷ್ಟು ಮನೆಗಳಿಗೆ ಸಾಧ್ಯ? ಅದಕ್ಕೇ ಅರಟಾಳ ರುದ್ರಗೌಡರಂಥವರು ಜನರಿಂದ ದುಡ್ಡು ಕೂಡಿಸಿ ಓಡಾಡಿದರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಕಾಲೇಜು ಕಟ್ಟಿದ ಊರು ಅಷ್ಟಕ್ಕೇ ನಿಲ್ಲಲಿಲ್ಲ. ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಹಸಿದ ಹೊಟ್ಟೆಯಲ್ಲಿ ಓದು ಹತ್ತುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಕಾಲೇಜಿನಷ್ಟೇ ಊಟ, ವಸತಿಯೂ ಮುಖ್ಯ ಎಂದು ಆ ತಲೆಮಾರು ತಿಳಿದಿತ್ತು. ನಾವು ಅದನ್ನು ಬ್ರೋಕರ್ ಕೈಗೆ ಕೊಟ್ಟಿದ್ದೇವೆ.

ಈಗ ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬರುವ ಮಾತು. ಬಾಡಿಗೆ ಕಡಿಮೆ ಅಂತ ರೂಮು ಹಿಡಿಯಬೇಡಿ. ಮೊದಲು ನಿಮ್ಮ ಕ್ಲಾಸು ಎಲ್ಲಿ ನಡೆಯುತ್ತದೆ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಹುಬ್ಬಳ್ಳಿ ಧಾರವಾಡ ಹೆಸರಿಗೆ ಅವಳಿ ನಗರ, ನಡುವೆ ಸುಮಾರು 20 ಕಿಲೋಮೀಟರ್ ಇದೆ. ಕಾನೂನು ವಿಶ್ವವಿದ್ಯಾಲಯ ನವನಗರದಲ್ಲಿ. ಬಿವಿಬಿ ಅಂತ ಜನ ಕರೆಯುವ ಎಂಜಿನಿಯರಿಂಗ್ ಕಾಲೇಜು (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು ಕಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಇರುವುದು ಹುಬ್ಬಳ್ಳಿಯ ವಿದ್ಯಾನಗರದ ಕಡೆ. ಎಸ್‌ಡಿಎಂ ಮೆಡಿಕಲ್ ಸತ್ತೂರಿನಲ್ಲಿ. ಕೃಷಿ ವಿಶ್ವವಿದ್ಯಾಲಯ ಬೆಳಗಾವಿ ರಸ್ತೆಯಲ್ಲಿ. ಐಐಟಿ ಈಗ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್ಸಿನಲ್ಲಿದೆ. "ಧಾರವಾಡದಾಗ ಸೀಟು" ಅಂದ ಮಾತ್ರಕ್ಕೆ ಧಾರವಾಡದಲ್ಲೇ ರೂಮು ಬೇಕು ಅಂತಿಲ್ಲ. ನವನಗರದಲ್ಲಿ ಎಲ್‌ಎಲ್‌ಬಿ ಓದುವ ಹುಡುಗ ಸಪ್ತಾಪುರದಲ್ಲಿ ರೂಮು ಮಾಡಿ ದಿನಾ ಓಡಾಡುವುದನ್ನು ನೋಡಿದ್ದೇನೆ. ಅವನ ದಿನದ ಒಳ್ಳೆಯ ಹೊತ್ತೆಲ್ಲ ರಸ್ತೆಯಲ್ಲೇ ಹೋಗುತ್ತಿತ್ತು.

ಕರ್ನಾಟಕ ವಿಶ್ವವಿದ್ಯಾಲಯದವರಿಗೆ ಸಪ್ತಾಪುರ, ಶ್ರೀನಗರ ಸರ್ಕಲ್, ಕಲ್ಯಾಣ ನಗರದ ಸುತ್ತ ಸಿಕ್ಕರೆ ಒಳ್ಳೆಯದು. ನಡೆದುಕೊಂಡೇ ಹೋಗಬಹುದು. ವಿಶ್ವವಿದ್ಯಾಲಯದ ಕ್ಯಾಂಪಸ್ಸು ಇರುವ ಪಾವಟೆ ನಗರದ ಆ ಗುಡ್ಡ ಹತ್ತುವ ರಸ್ತೆಯಲ್ಲಿ ಬೆಳಿಗ್ಗೆ ನಡೆಯುವುದು ಈ ಊರು ಕೊಡುವ ದೊಡ್ಡ ಸುಖ. ಆದರೆ ಅದೇ ಸಪ್ತಾಪುರ ಕೋಚಿಂಗ್ ಸೆಂಟರ್‌ಗಳ ಊರೂ ಹೌದು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಇಡೀ ಉತ್ತರ ಕರ್ನಾಟಕದ ಹುಡುಗರು ಅಲ್ಲಿ ಬಂದು ಕೂತಿದ್ದಾರೆ. ನೇಮಕಾತಿ ಪ್ರಕಟಣೆಗಾಗಿ ಕಾಯುತ್ತಾ ವರ್ಷಗಟ್ಟಲೆ ಇರುತ್ತಾರೆ. ಅವರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಅವರ ಕಷ್ಟ ಇನ್ನೂ ದೊಡ್ಡದು. ಆದರೆ ಒಂದೇ ಬಡಾವಣೆಯಲ್ಲಿ ಇಬ್ಬರೂ ರೂಮು ಹುಡುಕುವಾಗ ಬಾಡಿಗೆ ಏರುತ್ತದೆ, ಒಂದು ಕೋಣೆಗೆ ಪ್ಲೈವುಡ್ ಗೋಡೆ ಬಂದು ಎರಡಾಗುತ್ತದೆ. ಆಮೇಲೆ "ಕಾಟ್ ಬೇಸಿಸ್" ಬೋರ್ಡು. ಅಂದರೆ ನಿಮಗೆ ಸಿಗೋದು ಒಂದು ಮಂಚದ ಜಾಗ.

ಅಂಥ ರೂಮು ನೋಡಲು ಹೋದಾಗ ಗೋಡೆಯ ಬಣ್ಣ ನೋಡಬೇಡಿ. ಧಾರವಾಡದ ಮಳೆ ಬಹಳ ದಿನ ಹಿಡಿಯುತ್ತದೆ. ಮಂಚ ಸರಿಸಿ ಗೋಡೆಯ ಬುಡ ಮುಟ್ಟಿ ನೋಡಿ, ತೇವ ಇದ್ದರೆ ಪುಸ್ತಕಕ್ಕೂ ಬೂಷ್ಟು, ಎದೆಗೂ ಕೆಮ್ಮು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಮಾಲೀಕರನ್ನು ಕೇಳುವ ಬದಲು ಅಲ್ಲಿರುವ ಹುಡುಗರನ್ನು ಕೇಳಿ. ಮಲಪ್ರಭೆಯ ನೀರು 24 ತಾಸು ಬರುವ ಓಣಿಗಳೂ ಇವೆ, ದಿನ ಎಣಿಸುತ್ತಾ ಕಾಯುವ ಓಣಿಗಳೂ ಇವೆ. ಬೋರ್‌ವೆಲ್ ಇದೆಯಾ, ಮೇಲಿನ ಟ್ಯಾಂಕು ಎಷ್ಟು ಮಂದಿಗೆ ಅನ್ನುವುದನ್ನೂ ಕೇಳಿ. ಡಿಪಾಸಿಟ್ ಕೊಟ್ಟದ್ದಕ್ಕೆ ಒಂದು ಚೀಟಿ ಆದರೂ ಬರೆಸಿಕೊಳ್ಳಿ. ಫೋನ್‌ಪೇಯಲ್ಲಿ ಹಾಕಿದರೆ ಇನ್ನೂ ಒಳ್ಳೆಯದು, ದಾಖಲೆ ಉಳಿಯುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ತೆಗೆದುಕೊಳ್ಳಬಾರದು ಎಂದಿದೆ. ಅದು ಮಾದರಿ ಅಷ್ಟೇ, ರಾಜ್ಯಗಳು ತಾವೇ ಕಾನೂನು ಮಾಡಿಕೊಳ್ಳಬೇಕು. ಆದರೂ ಚೌಕಾಸಿ ಮಾಡುವಾಗ ಹೇಳೋಕೆ ಒಂದು ಆಧಾರ ಸಿಗುತ್ತದೆ ಅಲ್ವಾ.

ಇನ್ನು ನನಗೆ ಬಹಳ ನೋವು ಕೊಡುವ ವಿಷಯ. ಹೊರಗೆ "ರೂಮು ಬಾಡಿಗೆಗೆ ಇದೆ" ಬೋರ್ಡು. ಒಳಗೆ ಹೋದರೆ ಮೊದಲು ಹೆಸರು, ಆಮೇಲೆ ಊರು, ಅದಾದ ಮೇಲೆ ಸ್ವಲ್ಪ ದನಿ ತಗ್ಗಿಸಿ, "ನೀವು ಯಾ ಪೈಕಿ?" ಅಂದರೆ ಯಾವ ಜಾತಿ ಅಂತ. ನನ್ನ ಜೊತೆ ಓದುತ್ತಿದ್ದ ಹಾವೇರಿ ಕಡೆಯ ಗೆಳೆಯನ ಜೊತೆ ರೂಮು ಹುಡುಕುತ್ತಾ ಓಣಿ ಓಣಿ ತಿರುಗಿದ್ದೇನೆ. ಖಾಲಿ ಇದ್ದ ರೂಮು ಅವನ ಉತ್ತರ ಕೇಳಿದ ಕೂಡಲೇ "ನಮ್ಮ ಅಳಿಯಾರು ಬರೋರು ಅದಾರ" ಆಗುತ್ತಿತ್ತು. ಅವನು ಒಂದು ಮಾತೂ ಆಡುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುತ್ತಿದ್ದ. ಕೊನೆಗೆ ಊರ ಹೊರಗೆ, ದೀಪವಿಲ್ಲದ ಒಂದು ರಸ್ತೆಯಲ್ಲಿ ರೂಮು ಸಿಕ್ಕಿತು. ಮುಸ್ಲಿಂ ಹುಡುಗಿಯರ ಅಪ್ಪಂದಿರು ಇವತ್ತಿಗೂ ಇದೇ ಮಾತು ಹೇಳುತ್ತಾರೆ. "ಸಸ್ಯಾಹಾರಿಗಳಿಗೆ ಮಾತ್ರ" ಅನ್ನುವ ಸಾಲು ಎಷ್ಟೋ ಕಡೆ ಊಟದ ಬಗ್ಗೆ ಬರೆದದ್ದಲ್ಲ ಅಂತ ಓದುವವರಿಗೂ ಗೊತ್ತು, ಬರೆದವರಿಗೂ ಗೊತ್ತು.

ಮನೆ ನಮ್ಮದು, ಯಾರಿಗೆ ಕೊಡಬೇಕು ಅನ್ನೋದು ನಮ್ಮಿಷ್ಟ ಅನ್ನುತ್ತಾರೆ. ಮನೆಯ ಒಳಗಿನ ಒಂದು ಕೋಣೆಯ ಮಾತಾದರೆ ಅವರ ಅಂಜಿಕೆಯಾದರೂ ನನಗೆ ಅರ್ಥವಾಗುತ್ತದೆ, ಒಪ್ಪಲಾರೆ ಅಷ್ಟೇ. ಆದರೆ ಸಾಲು ಸಾಲು ಮಂಚ ಹಾಕಿ ನಡೆಸುವ ಪಿಜಿ ಒಂದು ವ್ಯಾಪಾರ. ಹೋಟೆಲಿನ ಬಾಗಿಲಲ್ಲಿ ಜಾತಿ ಧರ್ಮ ನೋಡಿ ಯಾರನ್ನೂ ತಡೆಯಬಾರದು ಎಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಪಿಜಿಗೆ ಪರವಾನಗಿ ಕೊಡುವಾಗ ಪಾಲಿಕೆ ಅದೇ ಷರತ್ತನ್ನು ಬರೆಯಲಿ. ದೂರು ಬಂದರೆ ಪರವಾನಗಿ ಹೋಗುತ್ತದೆ ಅಂತ ಆದರೆ ಈ ಪ್ರಶ್ನೆ ಬಹಳ ಬಾಗಿಲುಗಳಲ್ಲಿ ನಿಲ್ಲುತ್ತದೆ.

ಹಾಸ್ಟೆಲ್ ಇಲ್ಲವೇ ಅಂತ ಕೇಳುತ್ತೀರಿ. ಇವೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳು ಇಲ್ಲದಿದ್ದರೆ ಈ ಊರಿನಲ್ಲಿ ಓದಿದ ಅರ್ಧ ಜನ ಓದುತ್ತಲೇ ಇರಲಿಲ್ಲ. ಅರ್ಜಿ ಆನ್‌ಲೈನಿನಲ್ಲಿ, ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ ಊರಿನಿಂದ ಹೊರಡುವ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ತೊಡಕು ಇರುವುದು ಸಮಯದ್ದು. ಕ್ಲಾಸು ಮೊದಲು ಶುರುವಾಗುತ್ತದೆ, ಹಾಸ್ಟೆಲ್ ಪಟ್ಟಿ ಆಮೇಲೆ ಬರುತ್ತದೆ. ನಡುವಿನ ವಾರಗಳಲ್ಲಿ ಮಕ್ಕಳು ಎಲ್ಲಿರಬೇಕು? ಆ ವಾರಗಳಲ್ಲೇ ಅಪ್ಪ ಸಾಲ ತಂದು ಡಿಪಾಸಿಟ್ ಕಟ್ಟುತ್ತಾನೆ. ಪಟ್ಟಿಯಲ್ಲಿ ಹೆಸರು ಬರುವ ಹೊತ್ತಿಗೆ ಆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಶುರುವಾದಾಗ ಅದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಎಂದಿತ್ತು. ಒಳ್ಳೆಯ ಯೋಜನೆ. ಆದರೆ ಬಾಡಿಗೆ ತಿಂಗಳ ಮೊದಲ ವಾರದಲ್ಲೇ ಕೊಡಬೇಕು, ನೆರವಿನ ದುಡ್ಡು ಆ ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ಓಡಾಟದ ಮಾತಿಗೆ ಬರೋಣ. ಚಿಗರಿ ಬಸ್ಸು ಬಂದ ಮೇಲೆ ಎರಡು ಊರಿನ ನಡುವಿನ ಓಡಾಟ ನಿಜಕ್ಕೂ ಬದಲಾಯಿತು. 2018ರಲ್ಲಿ ಓಡಲು ಶುರುವಾದವು, 2020ರ ಫೆಬ್ರವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. ತನ್ನದೇ ರಸ್ತೆ, ಎಸಿ, ಸಾಲಾಗಿ ಬಸ್ಸು. ವಿದ್ಯಾನಗರ, ಉಣಕಲ್, ನವನಗರ, ಸತ್ತೂರು, ವಿದ್ಯಾಗಿರಿ, ಇವೆಲ್ಲ ಅದರ ದಾರಿಯಲ್ಲೇ ಇವೆ. ಆ ದಾರಿಯಲ್ಲಿ ಕಾಲೇಜು ಇದ್ದವರು ಆ ದಾರಿಯಲ್ಲೇ ರೂಮು ಹಿಡಿಯಿರಿ, ಬದುಕು ಸುಲಭ. ಆದರೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಬಸ್ಸುಗಳಿಗೆ, ಎಸಿ ಬಸ್ಸಿಗಲ್ಲ. ಹಾಗಾಗಿ ದುಡ್ಡು ಎಣಿಸಿ ಇಡುವ ಹುಡುಗಿಯರು ಚಿಗರಿಯ ನಿಲ್ದಾಣ ಬಿಟ್ಟು ರಸ್ತೆ ಬದಿಯಲ್ಲಿ ಸಾಮಾನ್ಯ ಬಸ್ಸಿಗೆ ಕಾಯುತ್ತಾರೆ. ಜೋರು ಮಳೆ ಬಂದ ದಿನ ಟೋಲ್ ನಾಕಾದಲ್ಲಿ ನೀರು ನಿಂತರೆ ಎರಡೂ ಬಸ್ಸು ಒಂದೇ.

ನನ್ನ ದೂರು ಚಿಗರಿಯ ಮೇಲಲ್ಲ, ಚಿಗರಿ ನಿಲ್ಲುವ ಜಾಗದಿಂದ ಮುಂದಿನ ದಾರಿಯ ಮೇಲೆ. ಅದು ಜ್ಯುಬಿಲಿ ಸರ್ಕಲ್ ಸುತ್ತ ಬಂದು ಮುಗಿಯುತ್ತದೆ. ವಿಶ್ವವಿದ್ಯಾಲಯ ಇರುವುದು ಅಲ್ಲಿಂದ ಪಶ್ಚಿಮಕ್ಕೆ, ಊರಿನ ಇನ್ನೊಂದು ಅಂಚಿಗೆ. ಬೆಳಿಗ್ಗೆ ಕ್ಲಾಸಿನ ಹೊತ್ತಿನಲ್ಲಿ ಸಿಟಿ ಬಸ್ಸಿಗೆ ಕಾಲಿಡೋಕೆ ಜಾಗ ಇರುವುದಿಲ್ಲ. ಸಂಜೆ ಲೈಬ್ರರಿಯಿಂದ ಹೊರಗೆ ಬಂದರೆ ಬಸ್ಸೇ ಅಪರೂಪ. ಇಷ್ಟು ದೊಡ್ಡ ರಸ್ತೆಗೆ ದುಡ್ಡು ಹಾಕಿದ ಮೇಲೆ, ರೈಲ್ವೆ ಸ್ಟೇಷನ್ನಿನಿಂದ ಜ್ಯುಬಿಲಿ ಸರ್ಕಲ್, ಸಪ್ತಾಪುರ, ಶ್ರೀನಗರ, ಪಾವಟೆ ನಗರ ಸುತ್ತುವ ಸಣ್ಣ ಬಸ್ಸುಗಳನ್ನು ಬೆಳಿಗ್ಗೆಯಿಂದ ರಾತ್ರಿಯ ತನಕ ಓಡಿಸುವುದು ಕಷ್ಟವೇ? ಆ ಬಸ್ಸಿನಲ್ಲಿ ವಿದ್ಯಾರ್ಥಿ ಪಾಸು ನಡೆಯಲಿ, ಶಕ್ತಿಯೂ ನಡೆಯಲಿ.

ರಾತ್ರಿಯ ವಿಷಯ ಹುಡುಗಿಯರ ಬಾಯಿಂದಲೇ ಕೇಳಬೇಕು. ಮೂಲೆ ಮೂಲೆಗೆ ರೀಡಿಂಗ್ ರೂಮುಗಳಾಗಿವೆ, ರಾತ್ರಿ ತಡವಾಗುವ ತನಕ ತೆರೆದಿರುತ್ತವೆ. ಅಲ್ಲಿಂದ ಪಿಜಿಗೆ ಹೋಗುವ ಗಲ್ಲಿಯಲ್ಲಿ ದೀಪ ಇರುವುದಿಲ್ಲ, ನಾಯಿಗಳು ಇರುತ್ತವೆ, ಬೈಕಿನಲ್ಲಿ ಹಿಂದೆ ಬರುವವರು ಇರುತ್ತಾರೆ. ಹೀಗಾಗಿ ಹುಡುಗರು ಇನ್ನೂ ಓದುತ್ತಿರುವಾಗಲೇ ಹುಡುಗಿಯರು ಪುಸ್ತಕ ಮುಚ್ಚಿ ಏಳುತ್ತಾರೆ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ. ಪಾಲಿಕೆಯವರು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಸಪ್ತಾಪುರ ಮತ್ತು ಕಲ್ಯಾಣ ನಗರದ ಒಳರಸ್ತೆಗಳ ದೀಪ ಸರಿ ಮಾಡಲಿ. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ.

ಇದನ್ನೆಲ್ಲ ಈಗ ಹೇಳಲು ಕಾರಣ ಇದೆ. 1962ರಿಂದ ಎರಡೂ ಊರಿಗೆ ಒಂದೇ ಪಾಲಿಕೆ. ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು ಅಂತ ಇಲ್ಲಿನವರು ವರ್ಷಗಟ್ಟಲೆ ಹೋರಾಡಿದರು, 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಬೇರೆ ಪಾಲಿಕೆ ಅಂದರೆ ಬೇರೆ ಕಟ್ಟಡ, ಬೇರೆ ಮೇಯರ್ ಕುರ್ಚಿ ಅಷ್ಟೇ ಆದರೆ ನಮಗೇನು ಬಂತು? ಈ ಊರಿನ ಖಾನಾವಳಿ, ಜೆರಾಕ್ಸ್ ಅಂಗಡಿ, ಪುಸ್ತಕದಂಗಡಿ, ಆಟೋ, ಡಬ್ಬಿ ಕಟ್ಟಿಕೊಡುವ ಅಕ್ಕಂದಿರು, ಎಲ್ಲರ ಒಲೆ ಉರಿಯುವುದು ವಿದ್ಯಾರ್ಥಿಗಳ ದುಡ್ಡಿನಿಂದ. ಅವರಿಗಾಗಿ ಪಾಲಿಕೆ ಮತ್ತು ವಿಶ್ವವಿದ್ಯಾಲಯ ಕೂತು ಒಂದು ಪಟ್ಟಿ ಮಾಡಲಿ. ಯಾವ ಓಣಿಯಲ್ಲಿ ಯಾವ ಪಿಜಿ, ಎಷ್ಟು ಮಂಚ, ಎಷ್ಟು ಬಾಡಿಗೆ, ಎಷ್ಟು ಡಿಪಾಸಿಟ್, ನೀರು ಹೇಗೆ, ಬೆಂಕಿ ಬಿದ್ದರೆ ಇನ್ನೊಂದು ಬಾಗಿಲು ಇದೆಯಾ. ಪ್ರವೇಶದ ಪತ್ರದ ಜೊತೆಗೇ ಆ ಪಟ್ಟಿ ಮಕ್ಕಳ ಕೈಗೆ ಬರಲಿ.

ಮಾಳಮಡ್ಡಿ, ಸಾರಸ್ವತಪುರ, ಜಯನಗರದ ಹಿರಿಯರಿಗೂ ಒಂದು ಮಾತು. ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗಿ, ಮೇಲಿನ ಕೋಣೆಗಳಿಗೆ ಬೀಗ ಬಿದ್ದ ಮನೆಗಳು ಅಲ್ಲಿ ಬಹಳ ಇವೆ. ಒಂದು ಕೋಣೆ ವಿದ್ಯಾರ್ಥಿಗೆ ಕೊಡಿ. ಮಾರ್ಕ್ಸ್ ಕಾರ್ಡ್ ಕೇಳಿ, ಅಪ್ಪ ಅಮ್ಮನ ಫೋನ್ ನಂಬರ್ ಕೇಳಿ, ರಾತ್ರಿ ಎಷ್ಟು ಹೊತ್ತಿಗೆ ಬರಬೇಕು ಅಂತ ಮೊದಲೇ ಹೇಳಿ, ಅದೆಲ್ಲ ನ್ಯಾಯ. ಪೈಕಿ ಕೇಳಬೇಡಿ.

ಪ್ರವೇಶ ನಡೆಯುವ ವಾರಗಳಲ್ಲಿ ಹೊಸ ಬಸ್ ನಿಲ್ದಾಣದಲ್ಲಿ ಒಂದು ಮೇಜು ಹಾಕಿಸಬೇಕು ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಅಲ್ಲಿ ಹಿರಿಯ ವಿದ್ಯಾರ್ಥಿಗಳು ಕೂರಬೇಕು, ಹೆಂಗಸರೂ ಇರಬೇಕು. ಟ್ರಂಕು, ಹಾಸಿಗೆ ಹಿಡಿದು ಇಳಿಯುವ ಮಕ್ಕಳಿಗೆ ಬ್ರೋಕರ್‌ಗಿಂತ ಮೊದಲು ಅವರು ಸಿಗಬೇಕು. ಇದಕ್ಕೆ ಪಾಲಿಕೆಗೆ, ಸಾರಿಗೆ ಸಂಸ್ಥೆಗೆ, ವಿಶ್ವವಿದ್ಯಾಲಯಕ್ಕೆ ಮನವಿ ಬರೆಯುತ್ತಿದ್ದೇವೆ. ಧಾರವಾಡದಲ್ಲಿ ರೂಮು ಮಾಡಿ ಓದಿದವರು ಯಾರೇ ಇರಲಿ, ಸಹಿ ಹಾಕಲು ಬನ್ನಿ.