ಹಳೆಯ ರಕ್ತ ಹಾಕಿಸಿಕೊಂಡರೆ ನಾಳದಲ್ಲಿ ಹೆಪ್ಪುಗಟ್ಟುತ್ತದೆಯೇ?

‘ಬ್ಲಡ್ ಬ್ಯಾಂಕಿನಲ್ಲಿ ಇಟ್ಟ ರಕ್ತ ಮೈಗೆ ಹೋದ ಕೂಡಲೇ ಹೆಪ್ಪುಗಟ್ಟುತ್ತದೆ, ತಾಜಾ ರಕ್ತವನ್ನೇ ಕೇಳಿ’ ಎಂಬ ಸಂದೇಶ ಹರಿದಾಡುತ್ತಿದೆ. ಈ ಅನುಮಾನಕ್ಕೆ ಒಂದಿಷ್ಟು ಆಧಾರ ಇದೆ, ಆದರೆ ಕೂಡಲೇ ಹೆಪ್ಪುಗಟ್ಟುತ್ತದೆ ಎಂಬುದು ನಿಜವಲ್ಲ. ಕೊಟ್ಟಿರುವ ಸಲಹೆಯೂ ತಪ್ಪು.

ಚೀಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಎಂಬ ರಾಸಾಯನಿಕ ತಡೆಯುತ್ತದೆ. ಕೆಂಪು ಕಣಗಳನ್ನು ತಣ್ಣಗೆ, ಸಾಮಾನ್ಯವಾಗಿ 42 ದಿನಗಳವರೆಗೆ ಇಡಬಹುದು. ದಿನ ಕಳೆದಂತೆ ಕಣಗಳ ಪೊರೆಯಿಂದ ಸಣ್ಣ ಸಣ್ಣ ಗುಳ್ಳೆಗಳು ಕಳಚಿಕೊಳ್ಳುತ್ತವೆ. ಪೊರೆಯ ಒಳಮೈಯಲ್ಲಿ ಇರಬೇಕಾದ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬು ಈ ಗುಳ್ಳೆಗಳ ಹೊರಗೆ ಬಂದು ಕೂರುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಕೆಲಸ ಮಾಡಲು ಇದೇ ಜಾಗ! ಅದಲ್ಲದೆ, ಒಡೆದ ಕಣಗಳಿಂದ ಸೋರಿದ ಹಿಮೋಗ್ಲೋಬಿನ್ ರಕ್ತನಾಳದಲ್ಲಿರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೀರಿಕೊಳ್ಳುತ್ತದೆ. ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳನ್ನು ಸುಮ್ಮನಿರಿಸುವುದು ಈ ನೈಟ್ರಿಕ್ ಆಕ್ಸೈಡೇ ಅಲ್ವಾ?

ಹೀಗಾಗಿ ಅನುಮಾನಕ್ಕೆ ಕಾರಣ ಇದೆ. ಆದರೆ ಪ್ರಯೋಗಾಲಯದಲ್ಲಿ ಕಂಡದ್ದೆಲ್ಲ ರೋಗಿಯಲ್ಲೂ ಹಾಗೇ ಆಗಬೇಕಿಲ್ಲ. 2016ರಲ್ಲಿ ಪ್ರಕಟವಾದ ‘ಇನ್‌ಫಾರ್ಮ್’ ಅಧ್ಯಯನದಲ್ಲಿ 20,000ಕ್ಕೂ ಜಾಸ್ತಿ ರೋಗಿಗಳಿದ್ದರು. ಹೊಸ ರಕ್ತ ಪಡೆದವರಿಗೂ ಹಳೆಯದು ಪಡೆದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಕ್ತ ಪಡೆದವರಲ್ಲಿ ಹೆಪ್ಪಿನ ತೊಂದರೆ ಹೆಚ್ಚು ಕಂಡ ವರದಿಗಳೂ ಇವೆ, ನಿಜ. ಆದರೆ ರಕ್ತ ಬೇಕಾಗುವವರು ಮೊದಲೇ ಜಾಸ್ತಿ ಕಾಯಿಲೆಯವರು, ಹಾಗಾಗಿ ಹೆಪ್ಪಿಗೆ ಹಾಕಿಸಿಕೊಂಡ ರಕ್ತವೇ ಕಾರಣ ಎಂದು ಹೇಳಲಾಗದು. ತಾಜಾ ರಕ್ತಕ್ಕಾಗಿ ಕಾಯುತ್ತಾ ತುರ್ತು ಚಿಕಿತ್ಸೆ ತಡ ಮಾಡುವುದೇ ದೊಡ್ಡ ಅಪಾಯ.