ಹಿತ್ತಲ ಕೊಳಕ್ಕೆ ಹಾಳೆ ಹಾಸುವ ಮುನ್ನ

ಹಿತ್ತಲಿನಲ್ಲಿ ಪುಟ್ಟ ಕೊಳ ಮಾಡಿಸುವ ಹುಚ್ಚು ನಮ್ಮ ಕಡೆ ಚೆನ್ನಾಗಿಯೇ ಹಬ್ಬಿದೆ. ಸಂತೋಷ. ಆದರೆ ನಾನು ನೋಡಿದ ಹೆಚ್ಚಿನವುಗಳಲ್ಲಿ ಒಳಗೆ ಬಿದ್ದ ಕಪ್ಪೆಗೂ ಹೊರಬರಲು ದಾರಿಯಿಲ್ಲ. ಜೆಸಿಬಿ ಗೋಡೆಯ ಹಾಗೆ ನೆಟ್ಟಗೆ ಅಗೆದು ಹೋಗುತ್ತದೆ, ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ, ನಡುವೆ ಒಂದು ಕಾರಂಜಿ. ದಂಡೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಈ ಅಚ್ಚು ಬಂದದ್ದು ಕೃಷಿ ಹೊಂಡದಿಂದ ಎಂದು ನನ್ನ ಗುಮಾನಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಪಾಲಿಥೀನ್ ಹೊದಿಸಿದ ಹೊಂಡಗಳು ಹೆಚ್ಚಿದವು. ಅಲ್ಲಿ ಕಡಿಮೆ ಜಾಗದಲ್ಲಿ ಹೆಚ್ಚು ನೀರು ನಿಲ್ಲಬೇಕು, ಸರಿ. ಆದರೆ ಪಾಚಿ ಕಟ್ಟಿದ ಹಾಳೆಯ ಮೇಲೆ ಜಾರಿದರೆ ಈಜು ಬಲ್ಲವರೂ ಮೇಲೆ ಹತ್ತಲಾರರು. ಎಷ್ಟು ಮಕ್ಕಳು ಹಾಗೆ ಹೋದರೆಂದು ಪತ್ರಿಕೆ ಓದುವವರಿಗೆ ಗೊತ್ತಿದೆ. ಯೋಜನೆಗೆ ಆಮೇಲೆ ತಂತಿ ಬೇಲಿಯನ್ನೂ ಸೇರಿಸಿದರು. ಆ ಹೊಂಡದ ಮರಿಯನ್ನು ಅಡುಗೆಮನೆಯ ಹಿಂದೆ ತಂದು ಕೂರಿಸುವುದೇಕೆ?

ಹಿತ್ತಲಿಗೆ ಎರಡಡಿ ಆಳ ಧಾರಾಳ. ಒಂದು ಬದಿಯನ್ನಾದರೂ ಉದ್ದಕ್ಕೆ ಇಳಿಜಾರು ಮಾಡಿ, ಉಳಿದ ಕಡೆ ಮುಕ್ಕಾಲು ಅಡಿ ಆಳದಲ್ಲಿ ಅಗಲವಾದ ಮೆಟ್ಟಿಲು ಬಿಡಿ. ಗಿಡದ ಕುಂಡಗಳು ಅಲ್ಲಿ ಕೂರುತ್ತವೆ. (ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಅರ್ಧ ಅಡಿ ನೀರೂ ಅಪಾಯವೇ. ಮಗು ದೊಡ್ಡದಾಗಲಿ, ಕೊಳಕ್ಕೆ ಅವಸರವಿಲ್ಲ.)

ಹಾಳೆಯ ಲೆಕ್ಕ ಸುಲಭ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆಂದು ಇನ್ನೆರಡು ಅಡಿ. ಅಗಲಕ್ಕೂ ಹಾಗೆಯೇ. ಹತ್ತಡಿಗೆ ಎಂಟಡಿಯ, ಎರಡಡಿ ಆಳದ ಕೊಳಕ್ಕೆ 16 × 14 ಅಡಿ ಬೇಕು. ಕೊಳ್ಳುವಾಗ ಐನೂರು ಮೈಕ್ರಾನ್ ದಪ್ಪದ್ದನ್ನು ಕೇಳಿ. ಕಲ್ಲಿನ ಚೂರು, ಬೇರಿನ ತುದಿ ಒಂದೂ ಉಳಿಯದಂತೆ ಕೈಯಿಂದ ಸವರಿ ನೋಡಿ, ಎರಡು ಇಂಚು ಮರಳು ಹರಡಿ, ಅದರ ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿ. ಚುನಾವಣೆ ಮುಗಿದ ಮೇಲೆ ಆ ನಗುಮುಖಗಳು ಒಂದು ಉಪಕಾರಕ್ಕಾದರೂ ಬರಲಿ.

ನಾನು ಹಟ ಹಿಡಿಯುವುದು ಅಂಚಿನ ವಿಷಯದಲ್ಲಿ. ಗಾರೆಯವರು ಬಳಸುವ ನೀರು ತುಂಬಿದ ಟ್ಯೂಬಿನಿಂದ ಸುತ್ತಲೂ ಮಟ್ಟ ನೋಡಲೇಬೇಕು. ಒಂದು ಬದಿ ಎರಡು ಇಂಚು ಎತ್ತರವಾದರೂ ಅಲ್ಲಿ ಹಾಳೆ ಹಲ್ಲು ಕಿರಿದು ನಿಲ್ಲುತ್ತದೆ, ಬಿಸಿಲಿಗೆ ಮೊದಲು ಒಡೆಯುವುದೂ ಅಲ್ಲಿಯೇ. ಸುತ್ತ ಅರ್ಧ ಅಡಿ ದೂರದಲ್ಲಿ ಚಿಕ್ಕ ಕಾಲುವೆ ತೋಡಿ, ನೀರು ಮುಕ್ಕಾಲು ತುಂಬಿದ ಮೇಲೆಯೇ ಹಾಳೆಯ ತುದಿಯನ್ನು ಅದರಲ್ಲಿ ಹೂತು ಮಣ್ಣು ಮುಚ್ಚಿ. ಮೊದಲೇ ಹೂತರೆ ನೀರಿನ ಭಾರಕ್ಕೆ ಹಾಳೆ ಎಳೆದುಕೊಳ್ಳುತ್ತದೆ. ಅಂಚು ಅಂಗಳಕ್ಕಿಂತ ತುಸು ಎತ್ತರವಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಗೊಬ್ಬರದ ನೀರೆಲ್ಲ ಒಳಗೆ.

ಸಿಮೆಂಟೇ ಗಟ್ಟಿ ಎನ್ನುವವರೊಡನೆ ನನಗೆ ಜಗಳವಿಲ್ಲ. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡುತ್ತದೆ. ನಾಲ್ಕಾರು ಸಲ ತುಂಬಿ ಚೆಲ್ಲದೆ ಮೀನು ಬಿಟ್ಟರೆ ಸಾಯುತ್ತವೆ, ಅಷ್ಟೆ.

ಸೊಳ್ಳೆಯ ಭಯಕ್ಕೆ ಎಲ್ಲರೂ ಗಪ್ಪಿ ತರುತ್ತಾರೆ. ಅದು ದಕ್ಷಿಣ ಅಮೆರಿಕದ ಮೀನು, ಮಳೆಗಾಲದಲ್ಲಿ ಕೊಳ ಉಕ್ಕಿದರೆ ತೋಡು ಸೇರಿ ಇಲ್ಲಿನ ಮೀನುಗಳಿಗೆ ಕಂಟಕವಾಗುತ್ತದೆ. ಕರಾವಳಿಯ ತೋಡುಗಳಲ್ಲಿ ತಲೆಯ ಮೇಲೆ ಬೆಳ್ಳಿ ಚುಕ್ಕಿಯಿರುವ ಪುಟ್ಟ ಮೀನೊಂದಿದೆ, ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಈಜುತ್ತದೆ, ಸೊಳ್ಳೆಮರಿ ಕಂಡರೆ ಬಿಡುವುದಿಲ್ಲ. ಹತ್ತು ಹಿಡಿದು ತಂದರೆ ಸಾಕು. ಬಲು ಜಿಗಿಯುವ ಜಾತಿ, ನೀರನ್ನು ಅಂಚಿನವರೆಗೆ ತುಂಬಿಸಬೇಡಿ.