ಪೋಪ್ಲರ್ ಹೋಯಿತು, ಮತದಾರ ಉಳಿದ

ಲಂಡನ್ನಿನ ಪೂರ್ವ ಭಾಗದಲ್ಲಿ ಪೋಪ್ಲರ್ ಅಂತ ಒಂದು ಬರೋ ಇತ್ತು. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ಒಂದು ನಗರಸಭೆ. 1900ರಲ್ಲಿ ಹುಟ್ಟಿತು, 1965ರಲ್ಲಿ ಮುಗಿಯಿತು. ಪೋಪ್ಲರ್, ಸ್ಟೆಪ್ನಿ, ಬೆತ್ನಲ್ ಗ್ರೀನ್ ಮೂರನ್ನೂ ಸೇರಿಸಿ ಮಾಡಿದ್ದೇ ಈಗ ನಾನಿರುವ ಟವರ್ ಹ್ಯಾಮ್ಲೆಟ್ಸ್. ಬೆಂಗಳೂರಿನ ಮಹಾನಗರ ಪಾಲಿಕೆಯನ್ನು ಒಡೆದು ಐದು ಮಾಡಿದಾಗ ಊರಿನ ಗೆಳೆಯರು ಫೋನಿನಲ್ಲಿ ಒಂದೇ ವಿಷಯ ಮಾತಾಡುತ್ತಿದ್ದರು: ಪಾಲಿಕೆ ದೊಡ್ಡದಿದ್ದರೆ ಒಳ್ಳೆಯದೋ, ಚಿಕ್ಕದಿದ್ದರೆ ಒಳ್ಳೆಯದೋ? ನನ್ನ ಮಟ್ಟಿಗೆ ಅದು ಆಮೇಲಿನ ಪ್ರಶ್ನೆ. ಒಡೆಯಲಿ, ಕೂಡಿಸಲಿ, ಆ ಹೊತ್ತಿನಲ್ಲಿ ಅಲ್ಲಿ ಜನ ಆರಿಸಿದವರು ಕೂತಿರುತ್ತಾರಾ ಎನ್ನುವುದು ಮೊದಲ ಪ್ರಶ್ನೆ. ಹಾಗೆ ಕೂತಿದ್ದರೆ ಏನೇನು ಆಗಬಹುದು ಅನ್ನೋದಕ್ಕೆ ಪೋಪ್ಲರ್ ಕಥೆ ಹೇಳಲೇಬೇಕು.

ಪೋಪ್ಲರ್ ಹಡಗುಕಟ್ಟೆಗಳ ಊರು. ಈಸ್ಟ್ ಇಂಡಿಯಾ ಡಾಕ್, ವೆಸ್ಟ್ ಇಂಡಿಯಾ ಡಾಕ್ ಎರಡೂ ಈ ಬರೋದ ಒಳಗೇ ಇದ್ದವು. ಜನರಿಗೆ ಅಲ್ಲಿ ದಿನಗೂಲಿ. ಹಡಗು ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ವ್ಯಾಪಾರ ಕುಸಿದು ನಿರುದ್ಯೋಗ ಏರಿತು. ಆಗಿನ ಕಾನೂನಿನಲ್ಲಿ ಬಡವರಿಗೆ ಕೊಡುವ ಪರಿಹಾರದ ಖರ್ಚಿನ ಬಹುಪಾಲು ಆಯಾ ಊರಿನ ಮನೆ ಕಂದಾಯದಿಂದಲೇ ಬರಬೇಕಿತ್ತು. ಬಡವರು ಜಾಸ್ತಿ ಇರುವ ಊರಿನಲ್ಲಿ ಖರ್ಚು ಜಾಸ್ತಿ. ಅದನ್ನು ಹೊರುವವರೂ ಅದೇ ಬಡವರು. ಒಂದು ಪೌಂಡ್ ಬಾಡಿಗೆ ಬೆಲೆಗೆ ಒಂದು ಪೆನ್ನಿ ಕಂದಾಯ ಹಾಕಿದರೆ ವೆಸ್ಟ್‌ಮಿನ್ಸ್ಟರಿನಲ್ಲಿ ಮೂವತ್ತು ಸಾವಿರ ಪೌಂಡಿಗೂ ಮೇಲೆ ಬರುತ್ತಿತ್ತು. ಪೋಪ್ಲರಿನಲ್ಲಿ ಮೂರೂವರೆ ಸಾವಿರದ ಆಸುಪಾಸು. ಶ್ರೀಮಂತ ಬಡಾವಣೆಗೆ ಹಗುರ, ಬಡ ಬಡಾವಣೆಗೆ ಭಾರ. ಇದೆಂಥ ನ್ಯಾಯ ಹೇಳಿ?

1919ರ ಚುನಾವಣೆಯಲ್ಲಿ 42 ಸೀಟುಗಳಲ್ಲಿ 39 ಲೇಬರ್ ಪಕ್ಷಕ್ಕೆ ಹೋದವು. ಗೆದ್ದವರಲ್ಲಿ ಬಹಳಷ್ಟು ಜನ ಹಡಗುಕಟ್ಟೆಯ ಕೂಲಿಗಳು, ರೈಲ್ವೆ ಕೆಲಸಗಾರರು, ಗೃಹಿಣಿಯರು. ಜಾರ್ಜ್ ಲ್ಯಾನ್ಸ್‌ಬರಿ ಮೇಯರ್ ಆದರು. ಕೌನ್ಸಿಲ್ ತನ್ನ ಕೆಲಸಗಾರರಿಗೆ ವಾರಕ್ಕೆ ಕನಿಷ್ಠ ನಾಲ್ಕು ಪೌಂಡ್ ಕೂಲಿ ಗೊತ್ತು ಮಾಡಿತು. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ನೂರು ವರ್ಷದ ಹಿಂದೆ!

1921ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮನೆ ಕಂದಾಯದ ಜೊತೆಗೆ ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್, ನೀರಿನ ಮಂಡಳಿ, ಆಸ್ಪತ್ರೆಗಳ ಮಂಡಳಿ ಇವುಗಳ ಪಾಲನ್ನೂ ಬರೋಗಳೇ ವಸೂಲು ಮಾಡಿ ಕೊಡಬೇಕಿತ್ತು. ಪೋಪ್ಲರ್ ಆ ಪಾಲನ್ನು ವಸೂಲು ಮಾಡುವುದಿಲ್ಲ ಎಂದಿತು. ಬಡವರ ಪರಿಹಾರದ ಖರ್ಚನ್ನು ಇಡೀ ಲಂಡನ್ ಹಂಚಿಕೊಳ್ಳಲಿ, ಆಮೇಲೆ ಕೊಡುತ್ತೇವೆ ಅಂತ. ಕೋರ್ಟಿನಿಂದ ಕರೆ ಬಂತು. ಜುಲೈ 29ರಂದು ಕೌನ್ಸಿಲರುಗಳು ಬ್ಯಾಂಡ್ ಬಾರಿಸಿಕೊಂಡು, ಬ್ಯಾನರ್ ಹಿಡಿದುಕೊಂಡು, ಪೋಪ್ಲರಿನಿಂದ ಹೈಕೋರ್ಟಿಗೆ ನಡೆದೇ ಹೋದರು. ಜೈಲಿಗೂ ಹೋಗಬೇಕಾಗಬಹುದು ಅಂತ ಆ ಬ್ಯಾನರಿನಲ್ಲೇ ಬರೆದಿತ್ತು.

ಸೆಪ್ಟೆಂಬರಿನಲ್ಲಿ ಜೈಲಾಯಿತು. ಒಟ್ಟು 30 ಜನ. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಐದು ಹೆಂಗಸರು ಹಾಲೊವೇ ಜೈಲಿಗೆ. ಅವರಲ್ಲಿ ನೆಲ್ಲಿ ಕ್ರೆಸಲ್ ಗರ್ಭಿಣಿ. ಲ್ಯಾನ್ಸ್‌ಬರಿಯವರ ಸೊಸೆ ಮಿನ್ನಿಯೂ ಇದ್ದರು. ಜೈಲಿನಲ್ಲೂ ಕೌನ್ಸಿಲ್ ಸಭೆ ನಿಲ್ಲಲಿಲ್ಲ. ಬ್ರಿಕ್ಸ್‌ಟನ್‌ನಲ್ಲೇ ಸಭೆ ಸೇರಿಸಿದರು, ಹಾಲೊವೇಯಿಂದ ಹೆಂಗಸರನ್ನು ಅಲ್ಲಿಗೆ ಕರೆತಂದರು. ಹೊರಗೆ ಸೇರಿದ ಜನರ ಜೊತೆ ಲ್ಯಾನ್ಸ್‌ಬರಿ ಕಿಟಕಿಯ ಸರಳುಗಳ ಹಿಂದಿನಿಂದ ಮಾತಾಡಿದರು. ಪಕ್ಕದ ಸ್ಟೆಪ್ನಿ, ಬೆತ್ನಲ್ ಗ್ರೀನ್ ಕೌನ್ಸಿಲುಗಳೂ ನಾವೂ ಅದೇ ದಾರಿ ಹಿಡಿಯುತ್ತೇವೆ ಅಂದವು. ಲೇಬರ್ ಪಕ್ಷದಲ್ಲೇ ಹರ್ಬರ್ಟ್ ಮಾರಿಸನ್ ಅಂಥವರು ಇದನ್ನು ಒಪ್ಪಲಿಲ್ಲ, ಕಾನೂನು ಮೀರಬಾರದು ಎಂದರು. ಕೊನೆಗೆ ಅಕ್ಟೋಬರ್ 12ರಂದು ಬಿಡುಗಡೆ. ನವೆಂಬರಿನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಬಡವರ ಪರಿಹಾರದ ಭಾರವನ್ನು ಲಂಡನ್ನಿನ ಎಲ್ಲ ಬರೋಗಳಿಗೂ ಹಂಚಿತು. ಮಿನ್ನಿ ಲ್ಯಾನ್ಸ್‌ಬರಿ 1922ರ ಮೊದಲ ದಿನವೇ ತೀರಿಕೊಂಡರು. ವಯಸ್ಸು 32. ಬೋ ರಸ್ತೆಯಲ್ಲಿ ಅವರ ನೆನಪಿಗೆ ಒಂದು ಗಡಿಯಾರವಿದೆ. ಈ ಕಡೆ ಬಂದ ನೆಂಟರಿಗೆಲ್ಲ ನಾನು ಅದನ್ನು ತೋರಿಸುತ್ತೇನೆ.

ಪೋಪ್ಲರ್ ಎಲ್ಲದರಲ್ಲೂ ಗೆಲ್ಲಲಿಲ್ಲ. ನಾಲ್ಕು ಪೌಂಡ್ ಕೂಲಿ ಕಾನೂನಿಗೆ ವಿರುದ್ಧ ಅಂತ 1925ರಲ್ಲಿ ಆಗಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ ಕೊಡುವ ಆಸೆಯನ್ನು ಆ ತೀರ್ಪಿನಲ್ಲಿ ಹೀಗಳೆದಿದ್ದಾರೆ. ಓದಿದರೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮಗೂ ಈ ಊರಿಗೂ ಒಂದು ನಂಟಿದೆ. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ದೊಡ್ಡ ಹೋಟೆಲು ಬಿಟ್ಟು ಉಳಿದುಕೊಂಡದ್ದು ಈ ಬರೋದ ಕಿಂಗ್ಸ್‌ಲಿ ಹಾಲ್‌ನಲ್ಲಿ, ಕೂಲಿಕಾರರ ನಡುವೆ. ಅದನ್ನು ನಡೆಸುತ್ತಿದ್ದ ಮ್ಯೂರಿಯಲ್ ಲೆಸ್ಟರ್ ಪೋಪ್ಲರ್ ಕೌನ್ಸಿಲಿನಲ್ಲೂ ಕೆಲಸ ಮಾಡಿದವರು. ನಮ್ಮ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರೂ ದುಂಡು ಮೇಜಿನ ಪರಿಷತ್ತಿಗೆ ಬಂದಿದ್ದರು.

ಇಂಥ ಚರಿತ್ರೆ ಇರುವ ಕೌನ್ಸಿಲನ್ನು 1965ರಲ್ಲಿ ಮುಚ್ಚಿದರು. 1963ರ ಕಾನೂನು ಲಂಡನ್ನಿಗೆಲ್ಲ ಸೇರಿ 32 ದೊಡ್ಡ ಬರೋಗಳನ್ನು ಮಾಡಿತು. ಆದರೆ ಮುಚ್ಚಿದ ರೀತಿ ನೋಡಿ. ಹೊಸ ಬರೋಗಳಿಗೆ ಚುನಾವಣೆ ನಡೆದದ್ದು 1964ರ ಮೇ 7ರಂದು. ಅವು ಅಧಿಕಾರ ವಹಿಸಿಕೊಂಡದ್ದು 1965ರ ಏಪ್ರಿಲ್ 1ರಂದು. ಸುಮಾರು ಹನ್ನೊಂದು ತಿಂಗಳು ಹೊಸಬರು ತಯಾರಿ ಮಾಡಿಕೊಂಡರು, ಹಳಬರು ಊರು ನೋಡಿಕೊಂಡರು. ಪೋಪ್ಲರಿನ ಜನಕ್ಕೆ ತಮ್ಮ ಕೌನ್ಸಿಲರ್ ಇಲ್ಲದ ಒಂದು ದಿನವೂ ಬರಲಿಲ್ಲ.

ಈಗ ಬೆಂಗಳೂರು. ಹಳೆಯ ಪಾಲಿಕೆಯ ಅವಧಿ 2006ರಲ್ಲಿ ಮುಗಿಯಿತು. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. ಚುನಾವಣೆ ಆದದ್ದು 2010ರಲ್ಲಿ. ಮತ್ತೆ 2015ರಲ್ಲಿ ಆಯ್ಕೆಯಾದ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿ. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಹುಟ್ಟಿದಾಗಲೂ ಅವುಗಳಲ್ಲಿ ಜನ ಆರಿಸಿದ ಒಬ್ಬ ಸದಸ್ಯರೂ ಇರಲಿಲ್ಲ. ಕೂಡಿಸಿದಾಗಲೂ ಖಾಲಿ, ಒಡೆದಾಗಲೂ ಖಾಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಎನ್ನುತ್ತಾ ವರ್ಷಗಳು ಕಳೆಯುತ್ತವೆ.

ಕಾರ್ಪೊರೇಟರುಗಳು ಇದ್ದಾಗ ಏನು ಕಡಿದು ಕಟ್ಟೆ ಹಾಕಿದರು ಅಂತ ಊರಲ್ಲಿ ಕೇಳುತ್ತಾರೆ. ಕೇಳುವ ಕಾರಣ ನನಗೂ ಗೊತ್ತು. ಆದರೆ ನಮ್ಮ ಕಾರ್ಪೊರೇಟರುಗಳ ಕೈಯಲ್ಲಿ ಇದ್ದದ್ದಾದರೂ ಎಷ್ಟು? ಪೋಪ್ಲರಿನ ಮೇಯರ್ ಅವಧಿಯೂ ಒಂದೇ ವರ್ಷ, ನಮ್ಮಲ್ಲೂ ಬಹುಕಾಲ ಒಂದೇ ವರ್ಷ. ವ್ಯತ್ಯಾಸ ಅಲ್ಲಿಲ್ಲ. ಪೋಪ್ಲರಿನಲ್ಲಿ ಟೌನ್ ಕ್ಲರ್ಕ್, ಅಂದರೆ ಕೌನ್ಸಿಲಿನ ಮುಖ್ಯ ಅಧಿಕಾರಿಯಿಂದ ಹಿಡಿದು ಅಧಿಕಾರಿಗಳನ್ನು ನೇಮಿಸುತ್ತಿದ್ದದ್ದು ಕೌನ್ಸಿಲೇ, ಅವರು ಉತ್ತರ ಕೊಡಬೇಕಿದ್ದದ್ದೂ ಕೌನ್ಸಿಲಿಗೇ. ನಮ್ಮಲ್ಲಿ ಆಯುಕ್ತರನ್ನು ಕಳಿಸುವುದು ರಾಜ್ಯ ಸರ್ಕಾರ, ವಾಪಸ್ ಕರೆಸಿಕೊಳ್ಳುವುದೂ ಅದೇ. ಪೋಪ್ಲರಿನವರು ಕಂದಾಯ ವಸೂಲು ಮಾಡುವುದಿಲ್ಲ ಅನ್ನಬಹುದಾಗಿತ್ತು, ಯಾಕೆಂದರೆ ಎಷ್ಟು ವಸೂಲು ಮಾಡಬೇಕು ಅಂತ ಗೊತ್ತು ಮಾಡುವ ಅಧಿಕಾರ ಅವರದಾಗಿತ್ತು. ನಮ್ಮ ಕಾರ್ಪೊರೇಟರಿಗೆ ಜೈಲಿಗೆ ಹೋಗುವಷ್ಟು ಅಧಿಕಾರವನ್ನೂ ನಾವು ಕೊಟ್ಟಿಲ್ಲ.

ಇಲ್ಲಿ ಎಲ್ಲ ಸರಿ ಅಂತ ಅಲ್ಲ. ಇದೇ ಟವರ್ ಹ್ಯಾಮ್ಲೆಟ್ಸಿಗೆ 2014ರಲ್ಲಿ ಬ್ರಿಟನ್ನಿನ ಕೇಂದ್ರ ಸರ್ಕಾರವೇ ಕಮಿಷನರುಗಳನ್ನು ಕಳಿಸಿತ್ತು. 2015ರ ಏಪ್ರಿಲಿನಲ್ಲಿ ಮೇಯರ್ ಆಯ್ಕೆಯನ್ನೇ ಚುನಾವಣಾ ನ್ಯಾಯಾಲಯ ರದ್ದು ಮಾಡಿತು. ಆದರೂ ಕೌನ್ಸಿಲರುಗಳು ಕೂತೇ ಇದ್ದರು, ಜೂನ್‌ನಲ್ಲಿ ಹೊಸ ಮೇಯರ್ ಚುನಾವಣೆ ನಡೆದೇ ಹೋಯಿತು. ಅಷ್ಟು ಗಲಾಟೆಯ ನಡುವೆ ಎರಡು ತಿಂಗಳೂ ಕಾಯಿಸಲಿಲ್ಲ.

ಬೆಂಗಳೂರಿನ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಐದು ಪಾಲಿಕೆಯೋ ಒಂದೋ, ಸುಮ್ನೆ ಅದರ ಮೇಲೆ ಜಗಳ ಬೇಡ. ಇನ್ನೊಮ್ಮೆ ಗಡಿ ಬದಲಿಸುವುದಾದರೆ ಮೊದಲು ವಾರ್ಡ್ ಪಟ್ಟಿ, ಆಮೇಲೆ ಚುನಾವಣೆ, ಆಮೇಲಷ್ಟೇ ಹಳೆಯ ಕೌನ್ಸಿಲಿನ ವಿಸರ್ಜನೆ. ಈ ಕ್ರಮವನ್ನು ಕಾನೂನಿನಲ್ಲೇ ಬರೆಸಬೇಕು. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಅದನ್ನು ತಮ್ಮ ಶಾಸಕರ ಹತ್ತಿರ ಕೇಳಲಿ. ಈ ಸಲ ರಜೆಗೆ ಬಂದಾಗ ನಾನೂ ನಮ್ಮ ಶಾಸಕರ ಕಚೇರಿಗೆ ಹೋಗಿ ಕೇಳುವವನಿದ್ದೇನೆ.